ಲಿಂಕನ್ ಹೇಳಿದ್ದು ಅಂತ ಬರೋದನ್ನ ಚೆಕ್ ಮಾಡೋದು ಹೇಗೆ, ಆಮೇಲೆ ಅವನ ಭಾಷಣ ಎಲ್ಲಿಂದ ಓದೋದು

ಸೆಪ್ಟೆಂಬರ್ 5 ಬಂತು ಅಂದ್ರೆ ಗ್ರೂಪಲ್ಲಿ ಯಾರಾದ್ರೂ ಒಬ್ರು ಹಾಕೇ ಹಾಕ್ತಾರೆ, ಅಬ್ರಹಾಂ ಲಿಂಕನ್ ಮಗನ ಮೇಷ್ಟ್ರಿಗೆ ಬರೆದ ಪತ್ರ ಅಂತ. ಚೆನ್ನಾಗೇ ಇದೆ, ನಾನೂ ಒಂದ್ಕಾಲದಲ್ಲಿ ಫಾರ್ವರ್ಡ್ ಮಾಡಿದೋನೇ. ಆದ್ರೆ ಅದು ಲಿಂಕನ್ ಬರೆದಿದ್ದಲ್ಲ, ಅವನ ಸಮಗ್ರ ಬರಹದಲ್ಲಿ ಎಲ್ಲೂ ಇಲ್ಲ. ನನ್ನ ಮಾತು ನಂಬೋದೇನೂ ಬೇಡ, ನೀವೇ ನೋಡ್ಬಹುದು.

ರಾಯ್ ಬಾಸ್ಲರ್ ಅನ್ನೋರು ಎಡಿಟ್ ಮಾಡಿದ ಸಮಗ್ರ ಬರಹ 1953ರಲ್ಲಿ 8 ಸಂಪುಟವಾಗಿ ಬಂತು, ಅದನ್ನ ಮಿಶಿಗನ್ ಯೂನಿವರ್ಸಿಟಿ ಆನ್‌ಲೈನಲ್ಲಿ ಫ್ರೀಯಾಗಿ ಇಟ್ಟಿದೆ, ಸರ್ಚ್ ಕೂಡ ಇದೆ. ಅನುಮಾನ ಬಂದ ಮಾತಿನ ಇಂಗ್ಲಿಷ್ ರೂಪ ಹುಡುಕ್ಕೊಂಡು ಅದರಲ್ಲಿ ಅಪರೂಪದ ಎರಡು ಮೂರು ಪದ ಮಾತ್ರ ಹಾಕಿ, ಇಡೀ ವಾಕ್ಯ ಹಾಕಿದ್ರೆ ಒಂದು ಅಲ್ಪವಿರಾಮ ಹೆಚ್ಚುಕಮ್ಮಿ ಆದ್ರೂ ಸಿಗಲ್ಲ. ಸ್ಪೆಲಿಂಗ್ ಅವನು ಬರೆದ ಹಾಗೇ ಬಿಟ್ಟಿದಾರೆ, ಅಮೆರಿಕದ ಅಂತರ್ಯುದ್ಧ ಶುರುವಾದ ಸಮ್ಟರ್ (Sumter) ಕೋಟೆಗೆ ಮಧ್ಯೆ ಒಂದು 'ಪಿ' ಸೇರಿಸಿ ಬರೀತಿದ್ದ ಪುಣ್ಯಾತ್ಮ, ಎರಡೂ ಥರ ಹುಡುಕಿ. ಸಿಗಲಿಲ್ಲ ಅಂದ ತಕ್ಷಣ ಸುಳ್ಳು ಅಂತ ತೀರ್ಪು ಕೊಡಂಗಿಲ್ಲ, ಆಮೇಲೆ ಸಿಕ್ಕ ಕಾಗದಗಳಿಗೆ ಪುರವಣಿ ಸಂಪುಟ ಬಂದಿವೆ, ಆದ್ರೂ ಇಷ್ಟು ಫೇಮಸ್ ಆಗಿರೋ ಪತ್ರ ಅಲ್ಲಿಲ್ಲ ಅಂದ್ರೆ ಅರ್ಥ ಮಾಡ್ಕೊಳ್ಳಿ.

ಕೈಬರಹ ನೋಡ್ಬೇಕು ಅಂದ್ರೆ ಲೈಬ್ರರಿ ಆಫ್ ಕಾಂಗ್ರೆಸ್ ಸೈಟಿಗೆ ಹೋಗಿ, ಸ್ಕ್ಯಾನ್ ಮಾಡಿ ಹಾಕಿದಾರೆ. ಮಗ ರಾಬರ್ಟ್ ಅಪ್ಪನ ಕಾಗದಪತ್ರ ಎಲ್ಲಾ ಅಲ್ಲಿಗೆ ಕೊಟ್ಟ, ಆದ್ರೆ ನಾನು ಸತ್ತು 21 ವರ್ಷ ಆಗೋವರೆಗೂ ತೆಗೀಬಾರ್ದು ಅಂತ ಕಂಡೀಷನ್ ಹಾಕಿ, ಅವನು ಹೋಗಿದ್ದು 1926 ಜುಲೈ 26ಕ್ಕೆ, ಕರೆಕ್ಟಾಗಿ 1947 ಜುಲೈ 26ಕ್ಕೇ ತೆಗೆದ್ರು.

ಇನ್ನು ಓದೋದು. ಒಂದನೇ ಸಂಪುಟದಿಂದ ಶುರು ಮಾಡಿದ್ರೆ ಕೋರ್ಟ್ ಕೇಸು, ಲೋಕಲ್ ರಾಜಕೀಯ, ಒಂದು ವಾರದಲ್ಲಿ ಬಿಟ್ಟಾಕ್ತೀರ. ಮೊದಲು ಗೆಟ್ಟಿಸ್ಬರ್ಗ್ ಭಾಷಣ ತಗೊಳ್ಳಿ, ಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನದ ಸಮರ್ಪಣೆಲಿ ಮಾಡಿದ್ದು, 1863 ನವೆಂಬರ್ 19, 270 ಚಿಲ್ಲರೆ ಪದ, ಅವತ್ತು ಅವನಿಗಿಂತ ಮುಂಚೆ ಆ ಕಾಲದ ಹೆಸರಾಂತ ಭಾಷಣಕಾರ ಎಡ್ವರ್ಡ್ ಎವರೆಟ್ ಎರಡು ಗಂಟೆ ಮಾತಾಡಿದ್ದ. ಲಿಂಕನ್ ಕೈಯಲ್ಲೇ ಬರೆದ ಐದು ಪ್ರತಿ ಉಳಿದಿವೆ, ಐದೂ ಒಂದೇ ಥರ ಇಲ್ಲ. ಸೆಕ್ರೆಟರಿಗಳಾದ ನಿಕೊಲೇ ಮತ್ತು ಹೇ ಹತ್ರ ಇದ್ದ ಎರಡರಲ್ಲಿ 'ಅಂಡರ್ ಗಾಡ್' ಅನ್ನೋ ಮಾತೇ ಇಲ್ಲ, ಮಿಕ್ಕ ಮೂರರಲ್ಲಿ ಇದೆ. ಪಕ್ಕಪಕ್ಕ ಇಟ್ಕೊಂಡು ಓದಿ ನೋಡಿ, ಮಜಾ ಬರತ್ತೆ.

ಆಮೇಲೆ ಪತ್ರಿಕೆ ಸಂಪಾದಕ ಹೊರೇಸ್ ಗ್ರೀಲಿಗೆ 1862 ಆಗಸ್ಟ್ 22ಕ್ಕೆ ಬರೆದ ಪತ್ರ. ಒಬ್ಬ ಗುಲಾಮನನ್ನೂ ಬಿಡಿಸದೆ ದೇಶ ಒಂದಾಗಿ ಉಳಿಯತ್ತೆ ಅಂದ್ರೆ ಹಂಗೇ ಮಾಡ್ತೀನಿ ಅನ್ನೋ ಅರ್ಥದ ಮಾತು ಅದರಲ್ಲಿದೆ, ಲಿಂಕನ್‌ಗೆ ಬೈಯೋರೆಲ್ಲಾ ಅದೊಂದನ್ನೇ ಕಟ್ ಮಾಡಿ ಹಾಕ್ತಾರೆ. ತಾರೀಖು ನೋಡಿ ಸ್ವಾಮಿ. ಒಂದು ತಿಂಗಳ ಹಿಂದೆ, ಜುಲೈ 22ಕ್ಕೇ, ಗುಲಾಮರ ವಿಮೋಚನಾ ಘೋಷಣೆಯ ಕರಡನ್ನ ತನ್ನ ಮಂತ್ರಿಗಳ ಮುಂದೆ ಓದಿದ್ದ, ಒಂದು ಯುದ್ಧ ಗೆದ್ದ ಮೇಲೆ ಹೊರಡಿಸೋಣ ಅಂತ ವಿದೇಶಾಂಗ ಮಂತ್ರಿ ಸೀವರ್ಡ್ ಹೇಳಿದ್ದಕ್ಕೆ ಡ್ರಾಯರಲ್ಲಿ ಇಟ್ಕೊಂಡು ಕೂತಿದ್ದ. ಅದಕ್ಕೇ ಯಾವ ಕಾಗದ ಓದಿದ್ರೂ ಅದರ ಹಿಂದಿನ ಒಂದೆರಡು ತಿಂಗಳ ಕಾಗದಾನೂ ತಿರುವಿ ಹಾಕಿ.

ಘೋಷಣೆ (1863 ಜನವರಿ 1) ಓದುವಾಗ ಕಾವ್ಯ ಸಿಗತ್ತೆ ಅಂತ ಹೋಗ್ಬೇಡಿ, ಥೇಟ್ ಗೆಜೆಟ್ ನೋಟಿಸ್. ದಂಗೆ ಎದ್ದ ದಕ್ಷಿಣದ ರಾಜ್ಯಗಳಿಗೆ ಮಾತ್ರ ಅನ್ವಯ, ಅದರಲ್ಲೂ ಲೂಸಿಯಾನಾ, ವರ್ಜೀನಿಯಾದ ಇಂತಿಂಥ ಜಿಲ್ಲೆ ಬಿಟ್ಟು ಅಂತ ಪಟ್ಟಿ. ಸೇನಾ ದಂಡನಾಯಕ ಅನ್ನೋ ಅಧಿಕಾರದಲ್ಲಿ ಹೊರಡಿಸಿದ್ದು, ಹಂಗಾಗಿ ಯೂನಿಯನ್ (ಅಂದ್ರೆ ಲಿಂಕನ್ ಸರ್ಕಾರದ ಕಡೆ) ಜೊತೆಗಿದ್ದ ಕೆಂಟಕಿಯ ಗುಲಾಮರಿಗೆ ಇದ್ರಿಂದ ಏನೂ ಸಿಗಲಿಲ್ಲ.

ಕಾಂಗ್ರೆಸ್ಸಿಗೆ (ಅಮೆರಿಕದ ಸಂಸತ್ತಿಗೆ) ಕೊಡ್ತಿದ್ದ ವಾರ್ಷಿಕ ಸಂದೇಶಗಳು ಬೋರು, ಇಲಾಖೆ ವರದಿ ಇದ್ದಂಗೆ, ಬರೆದು ಕಳಿಸ್ತಿದ್ದ, ಅಲ್ಲಿ ಕ್ಲರ್ಕ್ ಓದ್ತಿದ್ದ. 1862 ಡಿಸೆಂಬರ್‌ದು ಮಾತ್ರ ಕೊನೇ ಪ್ಯಾರಾಗಳನ್ನ ಬಿಡ್ಬೇಡಿ.

1858ರಲ್ಲಿ ಸೆನೆಟ್ ಚುನಾವಣೆಯ ಎದುರಾಳಿ ಡಗ್ಲಸ್ ಜೊತೆ ಏಳು ಚರ್ಚೆ ಆದ್ವಲ್ಲ, ಅಲ್ಲಿ ಹುಷಾರು. ರಿಪಬ್ಲಿಕನ್ ಪೇಪರ್ ಲಿಂಕನ್ ಮಾತನ್ನ ತಿದ್ದಿ ನೀಟಾಗಿ ಹಾಕ್ತಿತ್ತು, ಡೆಮಾಕ್ರಟ್ ಪೇಪರ್ ಡಗ್ಲಸ್‌ದು. ಚಾರ್ಲ್ಸ್‌ಟನ್‌ದು (ಇಲಿನಾಯ್‌ದು, ಸೆಪ್ಟೆಂಬರ್ 18) ಓದೋಕೆ ಕಸಿವಿಸಿ ಆಗತ್ತೆ, ಬಿಳಿಯರಿಗೂ ಕರಿಯರಿಗೂ ಸಾಮಾಜಿಕ, ರಾಜಕೀಯ ಸಮಾನತೆ ತರೋ ಪರ ನಾನಿಲ್ಲ ಅಂತ ಅವನೇ ಹೇಳಿದಾನೆ, ಆದ್ರೂ ಸ್ಕಿಪ್ ಮಾಡ್ಬೇಡಿ.

ಪುಟದ ಕೆಳಗಿನ ಅಡಿಟಿಪ್ಪಣಿ ತಪ್ಪದೆ ನೋಡಿ. 1863 ಜುಲೈ 14ಕ್ಕೆ ತನ್ನ ಜನರಲ್ ಮೀಡ್‌ಗೆ ಬರೆದ ಒಂದು ಪತ್ರ ಇದೆ, ದಕ್ಷಿಣದ ಜನರಲ್ ಲೀ ಸೈನ್ಯ ಕೈಗೆ ಸಿಕ್ಕಿದ್ದು ತಪ್ಪಿಸ್ಕೊಂತು ಅಂತ ಹೊಟ್ಟೆಉರಿ ಎಲ್ಲಾ ಕಾರ್ಕೊಂಡಿದಾನೆ, ಮೀಡ್ ಅದನ್ನ ಓದಿ ಏನಂದ್ನೋ ಅಂತ ಅಂದ್ಕೊಂಡು ಕೆಳಗೆ ನೋಡಿದ್ರೆ, ಲಕೋಟೆ ಮೇಲೆ ಲಿಂಕನ್ನೇ ಬರ್ಕೊಂಡಿದಾನೆ, ಕಳಿಸಿಲ್ಲ, ಸಹಿನೂ ಹಾಕಿಲ್ಲ ಅಂತ.