ಹಿತ್ತಲಿಗೆ ಬರ್ಚ್ ತರುವ ಮುಂಚೆ

ಅಮೆರಿಕದ ಪೂರ್ವ ಭಾಗದಲ್ಲಿರುವವರಿಗೆ ಒಂದು ಮಾತು. ವರ್ಜೀನಿಯಾ, ಕೆರೊಲಿನಾಗಳಂಥ ಸೆಕೆ ಜಾಸ್ತಿ ಇರುವ ಕಡೆ ಬಿಳಿ ತೊಗಟೆಯ ಬರ್ಚ್ ಮರ ದಯವಿಟ್ಟು ಬೇಡ. ಅಂಥ ಬಿಳಿ ತೊಗಟೆಯ ಪೇಪರ್ ಬರ್ಚ್ ಮೈನ್, ಮಿನ್ನೆಸೋಟಗಳಂಥ ತಂಪು ನಾಡಿನ ಮರ. ಬಿಸಿಲಿಗೆ ಸೊರಗಿದರೆ ಬ್ರಾಂಜ್ ಬರ್ಚ್ ಬೋರರ್ ಎಂಬ ಕೊರೆಯುವ ಹುಳ ಹತ್ತುತ್ತದೆ. ಮರ ತುದಿಯಿಂದ ಕೆಳಕ್ಕೆ ಒಣಗುತ್ತಾ ಬರುತ್ತದೆ.

ಅಲ್ಲಿಗೆ ರಿವರ್ ಬರ್ಚ್ ನೆಡಿ. ಹೊಳೆದಂಡೆಯಲ್ಲಿ ತಾನಾಗಿಯೇ ಬೆಳೆಯುವ ಮರ, ಈ ಹುಳವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ನಸುಗೆಂಪು ತೊಗಟೆ ಸುರುಳಿ ಸುರುಳಿಯಾಗಿ ಬಿಡುತ್ತದೆ. ಎಲೆ ಉದುರಿದ ಚಳಿಗಾಲದಲ್ಲಿ ನೋಡಬೇಕು, ಎಷ್ಟು ಚೆಂದ!

ಇದಕ್ಕೆ ಹುಳಿ ಮಣ್ಣು ಬೇಕು. ಸುಣ್ಣದ ಅಂಶ ಜಾಸ್ತಿಯಾದರೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಹಾಗಾಗಿ ಮೊದಲು ಮಣ್ಣಿನ ಪಿಎಚ್ (ಹುಳಿಯ ಅಳತೆ, ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ) ಪರೀಕ್ಷೆ ಮಾಡಿಸಿ, 6.5ಕ್ಕಿಂತ ಕಡಿಮೆ ಇರಲಿ. ಬೇರು ಮೇಲ್ಮೇಲೆಯೇ ಹರಡುವುದರಿಂದ ಬುಡದ ಸುತ್ತ 2-3 ಇಂಚು ತೊಗಟೆ ಚೂರಿನ ಹೊದಿಕೆ ಹಾಕಿ, ಕಾಂಡಕ್ಕೆ ತಾಗಿಸಬೇಡಿ. ಮಳೆ ಇಲ್ಲದ ವಾರಗಳಲ್ಲಿ ನಿಧಾನವಾಗಿ, ಆಳಕ್ಕೆ ಇಳಿಯುವಂತೆ ನೀರು ಬಿಡಿ. ವಸಂತದಲ್ಲಿ ಕೊಂಬೆ ಕತ್ತರಿಸಬೇಡಿ, ರಸ ಸೋರುತ್ತದೆ.

ಮರ 40 ಅಡಿ ದಾಟುತ್ತದೆ, ಗೋಡೆಯಿಂದ ದೂರವೇ ಇರಲಿ.

ಹಕ್ಕಿಗಳಿಗಂತೂ ಇದು ಊಟದ ಮನೆ. ಗೋಲ್ಡ್‌ಫಿಂಚ್‌ಗಳು ಬೀಜ ತಿನ್ನುತ್ತವೆ. ಚಿಕಡಿಗಳು ಎಲೆ ಮೇಲಿನ ಕಂಬಳಿಹುಳ ಹಿಡಿದು ಮರಿಗಳಿಗೆ ಒಯ್ಯುತ್ತವೆ. ಎಲೆಯಲ್ಲಿ ನಾಲ್ಕು ತೂತು ಕಂಡರೆ ಔಷಧಿ ಹೊಡೆಯಬೇಡಿ.