ಕೆರೆಯಾಚೆಯ ದೂರವನ್ನು ಈಚೆ ದಡದಿಂದಲೇ ಅಳೆಯುವುದು ಹೇಗೆ?

ತ್ರಿಭುಜದ ಮೂರೂ ಬಾಹುಗಳನ್ನು ಟೇಪು ಹಿಡಿದು ಅಳೆಯಬೇಕಾಗಿಲ್ಲ. ಒಂದು ಬಾಹು ಮತ್ತು ಎರಡು ಕೋನಗಳು ಗೊತ್ತಿದ್ದರೆ ಉಳಿದವು ಲೆಕ್ಕದಿಂದಲೇ ದೊರೆಯುತ್ತವೆ.

ಲಂಬಕೋನ ತ್ರಿಭುಜದಲ್ಲಿ ಒಂದು ಕೋನ 90 ಡಿಗ್ರಿ ಎಂಬುದು ಮೊದಲೇ ಗೊತ್ತಿರುವುದರಿಂದ ಇನ್ನೊಂದನ್ನಷ್ಟೇ ಅಳೆದರೆ ಸಾಕು. ಅಳೆದ ಕೋನದ ಎದುರಿಗಿರುವುದು ಅಭಿಮುಖ ಬಾಹು, ಅದಕ್ಕೆ ತಾಗಿರುವುದು ಪಾರ್ಶ್ವ ಬಾಹು, ಲಂಬಕೋನದ ಎದುರಿನದು ವಿಕರ್ಣ. ಅಭಿಮುಖವನ್ನು ವಿಕರ್ಣದಿಂದ ಭಾಗಿಸಿದರೆ ಸೈನ್, ಪಾರ್ಶ್ವವನ್ನು ವಿಕರ್ಣದಿಂದ ಭಾಗಿಸಿದರೆ ಕೊಸೈನ್, ಅಭಿಮುಖವನ್ನು ಪಾರ್ಶ್ವದಿಂದ ಭಾಗಿಸಿದರೆ ಟ್ಯಾನ್. ಎಸ್ಸೆಸ್ಸೆಲ್ಸಿ ಓದಿದವರಿಗೆ ಇದು ಬಾಯಿಪಾಠವೇ. ತೊಡಕಾಗುವುದು ಮೂರರಲ್ಲಿ ಯಾವುದನ್ನು ಆರಿಸಬೇಕೆಂಬಲ್ಲಿ. ಗೊತ್ತಿರುವ ಬಾಹು ಮತ್ತು ಬೇಕಾದ ಬಾಹು ಎರಡೂ ಯಾವ ಅನುಪಾತದಲ್ಲಿವೆಯೋ ಅದನ್ನೇ ತೆಗೆದುಕೊಳ್ಳಬೇಕು.

ಸಮತಟ್ಟಾದ ನೆಲದಲ್ಲಿ, ಮೊಬೈಲ್ ಟವರಿನ ಬುಡದಿಂದ 30 ಮೀಟರ್ ದೂರದಲ್ಲಿ ನಿಂತವರಿಗೆ ಅದರ ತುದಿ 38 ಡಿಗ್ರಿ ಉನ್ನತ ಕೋನದಲ್ಲಿ, ಅಂದರೆ ಕಣ್ಣಿನ ಸಮತಟ್ಟು ರೇಖೆಯಿಂದ ಅಷ್ಟು ಮೇಲಕ್ಕೆ, ಕಂಡಿತೆನ್ನೋಣ. ಗೊತ್ತಿರುವುದು ಪಾರ್ಶ್ವ, ಬೇಕಾದದ್ದು ಅಭಿಮುಖ, ಆದ್ದರಿಂದ ಟ್ಯಾನ್. 30ನ್ನು 38ರ ಟ್ಯಾನ್ ಆದ 0.7813ರಿಂದ ಗುಣಿಸಿದರೆ 23.4 ಮೀಟರ್. ಕೋನವನ್ನು ಅಳೆದದ್ದು ಕಣ್ಣಿನ ಮಟ್ಟದಿಂದಾದ್ದರಿಂದ ಅದರ ಎತ್ತರವನ್ನೂ, ಅಂದರೆ ಸುಮಾರು 1.5 ಮೀಟರನ್ನೂ ಸೇರಿಸಬೇಕು. ಟವರಿನ ಎತ್ತರ 24.9 ಮೀಟರ್ ಆಗುತ್ತದೆ.

ಬೇಕಾದ ಬಾಹು ಛೇದದಲ್ಲಿದ್ದರೆ ಗುಣಿಸದೆ ಭಾಗಿಸಬೇಕು. 4 ಮೀಟರ್ ಎತ್ತರದ ತಾರಸಿಯ ಅಂಚಿಗೆ ನೆಲದೊಂದಿಗೆ 70 ಡಿಗ್ರಿಯಲ್ಲಿ ಒರಗಿಸುವ ಏಣಿಯೇ ಇಲ್ಲಿ ವಿಕರ್ಣ; ಅದರ ಉದ್ದ, 4 ಭಾಗಿಸು 0.9397 (70ರ ಸೈನ್), ಅಂದರೆ 4.26 ಮೀಟರ್. ವಿಕರ್ಣವು ಉಳಿದೆರಡು ಬಾಹುಗಳಿಗಿಂತ ಉದ್ದವಿರಲೇಬೇಕು. 4ಕ್ಕಿಂತ ಕಡಿಮೆ ಬಂದರೆ ಭಾಗಿಸುವ ಬದಲು ಗುಣಿಸಿದ್ದೀರಿ ಎಂದೇ ಅರ್ಥ. ಉತ್ತರ ತೀರಾ ವಿಚಿತ್ರವಾಗಿದ್ದರೆ ಕ್ಯಾಲ್ಕುಲೇಟರಿನಲ್ಲಿ 30ರ ಸೈನ್ ಒತ್ತಿ ನೋಡಿ: 0.5 ಬರದಿದ್ದರೆ ಅದು ಡಿಗ್ರಿಯಲ್ಲಿಲ್ಲ.

ಕೆರೆಯ ವಿಷಯದಲ್ಲಿ ಲಂಬಕೋನವನ್ನು ನಿರೀಕ್ಷಿಸುವಂತಿಲ್ಲ. ಈಚೆ ದಡದಲ್ಲಿ 100 ಮೀಟರ್ ಅಂತರದಲ್ಲಿ ಎರಡು ಗೂಟ ನೆಟ್ಟು, ಆಚೆ ದಡದ ಹುಣಸೆ ಮರವನ್ನು ಎರಡೂ ಕಡೆಯಿಂದ ನೋಡಿ, ಇನ್ನೊಂದು ಗೂಟಕ್ಕೂ ಮರಕ್ಕೂ ನಡುವಿನ ಕೋನ ಅಳೆಯಬೇಕು. ಎಡಗೂಟದಲ್ಲಿ 62 ಡಿಗ್ರಿ, ಬಲಗೂಟದಲ್ಲಿ 71 ಡಿಗ್ರಿ ಬಂದರೆ, ಮೂರೂ ಕೋನಗಳ ಮೊತ್ತ 180 ಆಗಿರುವುದರಿಂದ, ಮರದ ಬಳಿಯ ಕೋನ 47 ಡಿಗ್ರಿ. ಯಾವುದೇ ತ್ರಿಭುಜದಲ್ಲಿ ಬಾಹುವನ್ನು ಅದರ ಎದುರಿನ ಕೋನದ ಸೈನಿನಿಂದ ಭಾಗಿಸಿದರೆ ಒಂದೇ ಬೆಲೆ ಬರುತ್ತದೆ. ಇದೇ ಸೈನ್ ನಿಯಮ. ಇದರಂತೆ 100ನ್ನು 62ರ ಸೈನ್ ಆದ 0.8829ರಿಂದ ಗುಣಿಸಿ 47ರ ಸೈನ್ ಆದ 0.7314ರಿಂದ ಭಾಗಿಸಿದರೆ 120.7 ಮೀಟರ್. ಇದು ಯಾವ ಗೂಟದಿಂದ ಇರುವ ದೂರ? 62 ಡಿಗ್ರಿ ಎಡಗೂಟದ್ದಾದರೂ ಅದರ ಎದುರಿನ ಬಾಹು ಬಲಗೂಟದಿಂದ ಮರಕ್ಕೆ ಹೋಗುತ್ತದೆ. ಬಹುಪಾಲು ತಪ್ಪುಗಳು ನಡೆಯುವುದು ಇಲ್ಲಿಯೇ. ಚಿತ್ರ ಬರೆಯದೆ ಲೆಕ್ಕಕ್ಕೆ ಇಳಿಯಬಾರದು.

ಬ್ರಿಟಿಷ್ ಭೂಮಾಪಕ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು 12 ಕಿಲೋಮೀಟರ್ ಉದ್ದದ ಆಧಾರರೇಖೆಯನ್ನು ಸರಪಳಿಯಿಂದ ಅಳೆಸಿ, ಅಲ್ಲಿಂದ ಮುಂದಕ್ಕೆ ಕೋನ ಅಳೆಯುವ ಉಪಕರಣವಾದ ಥಿಯೋಡೊಲೈಟಿನಲ್ಲಿ ಕೋನಗಳನ್ನು ನೋಡುತ್ತ ತ್ರಿಭುಜಕ್ಕೆ ತ್ರಿಭುಜ ಜೋಡಿಸಿಕೊಂಡು ಬಂದದ್ದೂ ಇದೇ ನಿಯಮದ ಬಲದಿಂದ. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ರೇಖೆಯನ್ನು ನೆಲದ ಮೇಲೆಯೇ ಅಳೆದಾಗ, ಸುಮಾರು 7 ಮೈಲಿಯಲ್ಲಿ ಲೆಕ್ಕಕ್ಕೂ ಅಳತೆಗೂ ಇದ್ದ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ.

ಅಷ್ಟು ನಿಖರತೆ ನಮಗೆ ಬೇಡವಾದರೂ ಮರದ ಬಳಿಯ ಕೋನ ತೀರಾ ಚಿಕ್ಕದಾಗದಂತೆ ನೋಡಿಕೊಳ್ಳಬೇಕು. ಅದು 47 ಡಿಗ್ರಿಯಿದ್ದಾಗ ಒಂದು ಡಿಗ್ರಿಯ ತಪ್ಪಿನಿಂದ ಉತ್ತರ ಸುಮಾರು 2 ಮೀಟರ್ ಮಾತ್ರ ಕದಲುತ್ತದೆ. 5 ಡಿಗ್ರಿಯಿದ್ದು ಅದನ್ನು 4 ಎಂದು ಓದಿದರೆ ದೂರ ಕಾಲು ಭಾಗದಷ್ಟು ಹಿಗ್ಗಿಬಿಡುತ್ತದೆ. ಹಾಗೇನಾದರೂ ಕಂಡುಬಂದರೆ ಗೂಟಗಳನ್ನು ಇನ್ನಷ್ಟು ದೂರ ನೆಟ್ಟು ಮತ್ತೆ ಅಳೆಯುವುದೇ ಸರಿ.