ದನಿ ಕೇಳಿಸುತ್ತೆ ಅನ್ನುವವರ ಜೊತೆ ನಾನು ಮಾತಾಡುವ ರೀತಿ

ಧಾರವಾಡದಲ್ಲಿ ನಾನು ಮಾನಸಿಕ ರೋಗಿಗಳ ವಾರ್ಡಿನ ನರ್ಸ್. ಗದಗ, ಹಾವೇರಿ ಕಡೆಯಿಂದ ಬಸ್ಸು ಹತ್ತಿ ಬರುವವರೇ ನಮ್ಮಲ್ಲಿ ಜಾಸ್ತಿ. ಬರುವಷ್ಟರಲ್ಲಿ ದೇವರು, ತಾಯತ ಎಲ್ಲ ಮಾಡಿ ಮುಗಿಸಿರುತ್ತಾರೆ. ನಾನು ಅದಕ್ಕೆ ಬೈಯುವುದಿಲ್ಲ. ತಾಯತ ತೋಳಲ್ಲಿ ಇರಲಿ ಬಿಡಿ, ಗುಳಿಗೆ ಮಾತ್ರ ತಪ್ಪಬಾರದು.

ಒಬ್ಬ ತಾಯಿ ಕಿವಿ ಮುಚ್ಚಿಕೊಂಡು ಮಂಚದ ಮೂಲೆಯಲ್ಲಿ ಕೂತಿದ್ದರು. ನಾನು ಎದುರಿಗೆ ಕೂರಲಿಲ್ಲ. ಸ್ವಲ್ಪ ಓರೆಯಾಗಿ, ಕೈಗೆ ಸಿಗದಷ್ಟು ದೂರದಲ್ಲಿ, ಬಾಗಿಲಿಗೆ ಅಡ್ಡ ಬಾರದಂತೆ ಕೂತೆ. ಹೆದರಿದವರಿಗೆ ಹೊರಗೆ ಹೋಗುವ ದಾರಿ ಕಾಣುತ್ತಿರಬೇಕು.

"ಅವರು ನನ್ನ ಬೈಯಾಕತ್ತಾರ, ಅಕ್ಕಾರ. ನಿಮಗ ಕೇಳಸೂದಿಲ್ಲೇನು?"

"ನನಗ ಕೇಳಸವಲ್ದು, ಯವ್ವಾ. ಆದ್ರ ನಿಮಗ ಭಾಳ ಅಂಜಿಕಿ ಆಗೈತಿ, ಅದು ಕಾಣತೈತಿ ನನಗ."

ಕೇಳುತ್ತಿದೆ ಅಂತ ಸುಳ್ಳು ಹೇಳಬಾರದು. ಎಲ್ಲ ನಿನ್ನ ಭ್ರಮೆ ಅಂತ ವಾದಕ್ಕೂ ಇಳಿಯಬಾರದು. ಆ ದನಿ ಅವರಿಗೆ ನಿಜವಾಗಿಯೇ ಕೇಳುತ್ತಿರುತ್ತದೆ, ಅಲ್ವಾ? ಆಮೇಲೆ ನಾನು ತಪ್ಪದೆ ಕೇಳುವುದು, ಆ ದನಿ ಏನಾದರೂ ಮಾಡು ಅಂತ ಹೇಳುತ್ತಾ ಅಂತ. ತನಗೋ ಬೇರೆಯವರಿಗೋ ಅಪಾಯ ಮಾಡು ಅಂತ ಹೇಳುತ್ತಿದ್ದರೆ ತಕ್ಷಣ ಡಾಕ್ಟರಿಗೆ ತಿಳಿಸುತ್ತೇನೆ. ಯಾರಿಗೂ ಹೇಳಬೇಡಿ ಅಂದರೆ, "ಇದನ್ನ ಮುಚ್ಚಿಡಾಕ ಬರೂದಿಲ್ರಿ, ನಿಮ್ಮ ಜೀವ ಮುಖ್ಯ" ಅಂತ ಮುಂಚೆಯೇ ಹೇಳಿಬಿಡುತ್ತೇನೆ.

ಸಾಯಬೇಕು ಅನಿಸುತ್ತಾ ಅಂತ ನೇರವಾಗಿಯೇ ಕೇಳುತ್ತೇನೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಅಂತ ಮನೆಯವರು ಅಂಜುತ್ತಾರೆ. ಹಾಗೇನೂ ಆಗುವುದಿಲ್ಲ. ಬಹಳ ಜನ ಅತ್ತು ಹಗುರಾಗುತ್ತಾರೆ. ಆಗ ನಾನು ಸುಮ್ನೆ ಇರುತ್ತೇನೆ. "ಏನೂ ಆಗೂದಿಲ್ಲ, ಧೈರ್ಯ ತಗೋರಿ" ಅಂದರೆ ಅವರ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಹೊಲ ಇರುವ ಮನೆಯಾದರೆ, ಬೆಳೆಗೆ ಹೊಡೆಯುವ ಎಣ್ಣೆ ಮನೆಯಲ್ಲಿ ಇಡಲೇಬೇಡಿ ಅಂತ ಗಂಡನನ್ನೋ ಮಗನನ್ನೋ ಕೂರಿಸಿಕೊಂಡು ಹೇಳುತ್ತೇನೆ. ಆತ್ಮಹತ್ಯೆಗೆ ಪ್ರಯತ್ನಿಸಿ ಬಂದವರ ಮನೆಯವರಿಗೆ ಪೊಲೀಸ್ ಕೇಸಿನ ಭಯವೂ ಇರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಆರೈಕೆ ಕೊಡಬೇಕು. ಇದನ್ನೂ ಬಿಡಿಸಿ ಹೇಳುತ್ತೇನೆ.

ಗುಳಿಗೆ ಒಲ್ಲೆ ಅನ್ನುವವರನ್ನು ಹಠಮಾರಿ ಅನ್ನುವುದು ನನಗೆ ಸೇರುವುದಿಲ್ಲ. "ನಾಲಿಗಿ ಹೊರಳವಲ್ದು, ಕುತ್ತಿಗಿ ಸೆಟದೈತಿ" ಅಂದರೆ ಅದು ಔಷಧಿಯ ಅಡ್ಡಪರಿಣಾಮ ಇರಬಹುದು. ದನಿ ಕೇಳುವುದಕ್ಕೆ ಕೊಡುವ ಹ್ಯಾಲೊಪೆರಿಡಾಲ್‌ನಂಥ ಔಷಧಿಯಲ್ಲಿ ಹೀಗಾಗುವುದುಂಟು. ತಕ್ಷಣ ಡಾಕ್ಟರಿಗೆ ಹೇಳಿದರೆ ಅದಕ್ಕೆ ಇಂಜೆಕ್ಷನ್ ಇದೆ, ಡೋಸ್ ಬದಲಿಸಲೂಬಹುದು.

ಡಿಸ್ಚಾರ್ಜ್ ದಿನ ಮನೆಯವರು ಕೇಳುವುದು ಒಂದೇ, "ಆರಾಮ ಆದ ಮ್ಯಾಲೆ ಗುಳಗಿ ಬಿಡಬಹುದೇನ್ರಿ?" ಡಾಕ್ಟರ್ ಹೇಳುವ ತನಕ ಬಿಡಬೇಡಿ ಅನ್ನುತ್ತೇನೆ. ಚೀಟಿಯ ಮೇಲೆ ದೊಡ್ಡದಾಗಿ 14416 ಅಂತ ಬರೆದುಕೊಡುತ್ತೇನೆ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರು. ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಎರಡಕ್ಕೂ ಫೋನ್ ಎತ್ತುತ್ತಾರೆ.